ಕಾಲು ತಾಗಿದ ಮೇಲೆ

ಮೊನ್ನೆ ಭಾಲ್ಕಿಯ ಬಸ್ಸಿನಲ್ಲಿ ನನ್ನ ಬೂಟುಗಾಲು ಪಕ್ಕದ ಸೀಟಿನ ಹುಡುಗನ ಕಾಲಿಗೆ ತಾಗಿತು. ತಾಗಿದ್ದೇ ತಡ, ನನ್ನ ಬಲಗೈ ನನ್ನನ್ನು ಕೇಳದೆ ಕೆಳಗಿಳಿದು, ಅವನ ಮೊಣಕಾಲು ಮುಟ್ಟಿ, ವಾಪಸು ಬಂದು ನನ್ನ ಎರಡೂ ಕಣ್ಣಿಗೆ ಒತ್ತಿಕೊಂಡಿತು. ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದ. "ಏನರೆ ಬಿತ್ತೇನ್ರಿ ಕಾಕಾ? ಹುಡುಕ್ಲೇನ್ರಿ?" ಎಂದು ಸೀಟಿನ ಕೆಳಗೆ ಬಗ್ಗಿ ನೋಡತೊಡಗಿದ. "ಏನೂ ಬಿದ್ದಿಲ್ಲಪ್ಪ. ಕಾಲ ಹತ್ತಿತು, ಅದಕ" ಎಂದೆ. ಅವನಿಗೆ ತಿಳಿಯಿತೋ ಇಲ್ಲವೋ, "ಹಾಂ ಹಾಂ" ಎಂದು ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡ.

ಎಂಥ ಸಂಸ್ಕಾರವಂತ ಮನುಷ್ಯ ಎಂದು ನೀವು ತಲೆದೂಗುವ ಮೊದಲೇ ಹೇಳಿಬಿಡುತ್ತೇನೆ. ನಡುವೆ ನಲವತ್ತು ವರ್ಷ ಈ ರೂಢಿ ನನಗೆ ಇರಲಿಲ್ಲ. ಈಗ ಐವತ್ತೇಳನೆಯ ವಯಸ್ಸಿನಲ್ಲಿ ಮರಳಿ ಬಂದಿದೆ. ಅದೂ ಯಾರಿಗೆ? ಮಕ್ಕಳಿಗೆ ಫುಟ್‌ಬಾಲ್ ಕಲಿಸುವವನಿಗೆ. ಒದೆಯುವುದು ಹೇಗೆ ಎಂದು ಹೇಳಿಕೊಟ್ಟೇ ಇಷ್ಟು ವರ್ಷ ಸಂಬಳ ತಿಂದವನು, ಕಾಲು ತಾಗಿತೆಂದು ಕಣ್ಣಿಗೊತ್ತಿಕೊಳ್ಳುತ್ತಾನೆ ಎಂದರೆ ನನ್ನ ಜೊತೆಯ ಮಾಸ್ತರರು ನಗುತ್ತಾರೆ. ನಗಲಿ.

ನನ್ನ ಊರು ಔರಾದ ತಾಲೂಕಿನ ಠಾಣಾ ಕುಶನೂರ. ನಮ್ಮ ಮನೆಯಲ್ಲಿ ಕಾಲು ತಾಗಿಸಬಾರದ ವಸ್ತುಗಳ ಪಟ್ಟಿ ಬಹಳ ಉದ್ದವಿತ್ತು. ಪುಸ್ತಕ, ಕಸಬರಿಗೆ, ಮೊರ, ಜೋಳದ ರಾಶಿ, ರೊಟ್ಟಿಯ ಬುಟ್ಟಿ, ಬೀಸುವ ಕಲ್ಲು, ಮತ್ತೆ ಮನುಷ್ಯರು. ಇವೆಲ್ಲ ಸೇರಿ ಇದ್ದ ಒಂದೇ ಪಡಸಾಲೆಯಲ್ಲಿ ನಾವು ಐದು ಜನ ಮಕ್ಕಳು ಓಡಾಡಬೇಕಿತ್ತು. ತಾಗಿತೋ, ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದರೂ ಬೆನ್ನ ಹಿಂದೆ ಯಾರ ಕಾಲು ಯಾರಿಗೆ ತಾಗಿತು ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. "ಏ, ಕಾಲ ಹತ್ತಿತು ನೋಡು, ಕಣ್ಣಿಗಿ ಹಚ್ಕೋ" ಎನ್ನುತ್ತಿದ್ದಳು. ನಾನು ಮತ್ತು ನನ್ನ ತಮ್ಮ ಜಗಳವಾಡುವಾಗಲೂ ಈ ನೇಮ ತಪ್ಪಿಸಿದವರಲ್ಲ. ಅವನು ಒದೆಯುತ್ತಿದ್ದ, ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ, ನಾನು ಒದೆಯುತ್ತಿದ್ದೆ, ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ, ಜಗಳ ಮುಂದುವರಿಯುತ್ತಿತ್ತು. ಹೀಗಾಗಿ ನಮ್ಮ ಹೊಡೆದಾಟ ಮುಗಿಯಲು ಬೇರೆಯವರದಕ್ಕಿಂತ ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು.

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಸಾಲೆಗೆ ಮೊದಲ ಫುಟ್‌ಬಾಲ್ ಬಂತು. ಹೆಡ್‌ಮಾಸ್ತರರು ಅದನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಅಷ್ಟರಲ್ಲಿ ಮಹಾನವಮಿ ಬಂತು. ನಮ್ಮ ಕಡೆ ಆ ದಿನ ಖಂಡೇ ಪೂಜೆ, ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜಿಸುವ ಹಬ್ಬ. ಸಾಲೆಯ ಜವಾನ ಗಂಟೆ, ಬಡಿಯುವ ಕೋಲು, ಸೀಮೆಸುಣ್ಣದ ಡಬ್ಬಿ, ಭೂಗೋಳದ ಗುಂಡು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಫುಟ್‌ಬಾಲನ್ನೂ ಪಕ್ಕದಲ್ಲಿ ಕೂಡಿಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಕಾಯಿ ಒಡೆದ. ರಜೆ ಮುಗಿದ ಮೇಲೆ ಹೆಡ್‌ಮಾಸ್ತರರು ಚೆಂಡನ್ನು ಬಯಲಿನ ನಡುವೆ ಇಟ್ಟು "ಹೊಡೀರಿ" ಎಂದರು. ಸುತ್ತ ನಿಂತ ಮೂವತ್ತು ಹುಡುಗರಲ್ಲಿ ಒಬ್ಬನೂ ಅಲುಗಲಿಲ್ಲ. ಕುಂಕುಮ ಇನ್ನೂ ಹಾಗೇ ಇತ್ತು. "ಪೂಜಿ ಆಗ್ಯಾದಲ್ರಿ ಸರ್" ಎಂದು ಯಾರೋ ಹಿಂದಿನಿಂದ ಹೇಳಿದರು.

ಹೆಡ್‌ಮಾಸ್ತರರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಚಪ್ಪಲಿ ಬಿಟ್ಟು, ಚೆಂಡಿಗೆ ಕೈ ಮುಗಿದು, ಬರಿಗಾಲಿನಲ್ಲಿ ಒದ್ದರು. ಚೆಂಡು ಹೋಯಿತು, ಅವರ ಹೆಬ್ಬೆರಳಿನ ಉಗುರೂ ಹೋಯಿತು. ಮೂರು ದಿನ ಕುಂಟಿದರು. ಅದರ ನಂತರ ನಾವೂ ಒದ್ದೆವು, ಆದರೆ ಪ್ರತಿಯೊಬ್ಬನೂ ಮೊದಲು ಚೆಂಡು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒದೆಯುತ್ತಿದ್ದ. ಕೈಯಿಂದ ಮುಟ್ಟಬಾರದು ಎಂಬುದು ಫುಟ್‌ಬಾಲಿನ ಮೊದಲ ಪಾಠ. ನನಗೆ ಮಾತ್ರ ಅದು ಉಲ್ಟಾ ಶುರುವಾಯಿತು.

ಮತ್ತೆ ಈ ರೂಢಿ ಯಾವಾಗ ಹೋಯಿತು ಎಂದು ಕೇಳುತ್ತೀರಿ. ದೈಹಿಕ ಶಿಕ್ಷಣದ ತರಬೇತಿಗೆ ಹೋದಾಗ ಬಿಟ್ಟಿತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಅದು ಪೂರ್ತಿ ನಿಜವಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ, ಬರಲೇಬೇಕು.

ಈಗ ನಾನಿರುವುದು ಬೀದರದ ಮೈಲೂರಿನಲ್ಲಿ. ಐತವಾರ ಮುಂಜಾನೆ ಮನೆಯ ಹತ್ತಿರದ ಬಯಲಿನಲ್ಲಿ ಸಣ್ಣ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತೇನೆ. ಸಾಲೆಯ ಕೆಲಸವಲ್ಲ, ನನ್ನ ಹುಚ್ಚು. ಹನ್ನೆರಡರ ಒಳಗಿನ ಇಪ್ಪತ್ತು ಮಕ್ಕಳು, ಮೂರು ಚೆಂಡು, ಗೋಲಿನ ಕಂಬಕ್ಕೆ ಎರಡೆರಡು ಇಟ್ಟಂಗಿ. ನಮ್ಮ ನೆಲ ಕೆಂಪು. ಒಂದು ತಾಸು ಆಡಿದರೆ ಮಕ್ಕಳ ಮೊಣಕಾಲು, ಚಡ್ಡಿ, ಮೂಗಿನ ತುದಿ ಎಲ್ಲ ಕೆಂಪಾಗುತ್ತವೆ, ಅವರ ತಾಯಂದಿರು ನನ್ನನ್ನು ಬೈಯುತ್ತಾರೆ.

ಹೊಸಬರು ಆಡುವುದನ್ನು ನೀವು ನೋಡಿದ್ದೀರೋ ಇಲ್ಲವೋ. ಚೆಂಡು ಎಲ್ಲಿದೆಯೋ ಅಲ್ಲಿ ಇಪ್ಪತ್ತೂ ಮಕ್ಕಳು ಇರುತ್ತಾರೆ. ನಮ್ಮವರು ಯಾರು, ಎದುರಿನವರು ಯಾರು ಎಂಬ ಭೇದವಿಲ್ಲ. ಬೆಲ್ಲಕ್ಕೆ ಮುತ್ತಿದ ಇರುವೆಯ ಹಾಗೆ ಗುಂಪು ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತದೆ, ಗೋಲು ಕಾಯುವ ಗೋಲಿ ಕೂಡ ಜಾಗ ಬಿಟ್ಟು ಅದರೊಳಗೇ ಇರುತ್ತಾನೆ. "ಚದುರ್ರಿ, ಚದುರ್ರಿ" ಎಂದು ಕೂಗಿ ಕೂಗಿ ನನ್ನ ಗಂಟಲು ಹೋಗಿದೆ. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ, ಅದರ ಕೆಳಗೇ ಸೀಟಿ. ಎರಡೂ ಒಟ್ಟಿಗೇ ಕೂಗುತ್ತವೆ.

ಆ ಗುಂಪಿಗೆ ಸೇರದ ಒಬ್ಬಳೇ ಹುಡುಗಿ ರೇಣುಕಾ. ಹನ್ನೊಂದು ವರ್ಷದವಳು. ಅವಳ ಅಪ್ಪ ಅವ್ವ ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯವರು, ಕುರಿ ಸಾಕುವವರು, ಅರ್ಧ ವರ್ಷ ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ಹೋಗುವವರು. ಓದು ತಪ್ಪಬಾರದೆಂದು ಮಗಳನ್ನು ಮೈಲೂರಿನ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಮೊದಲ ದಿನ ಅವಳು ಎಲ್ಲರೂ ಚೆಂಡಿನ ಹಿಂದೆ ಓಡುವಾಗ ದೂರದಿಂದ ಬಳಸಿಕೊಂಡು ಹೋಗಿ ಒಂದು ಬದಿಗೆ ನಿಂತಳು. ನಾನು ಮೈಗಳ್ಳಿ ಎಂದುಕೊಂಡೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಚೆಂಡು ತಾನಾಗಿಯೇ ಅವಳ ಕಾಲ ಬಳಿಗೆ ಉರುಳಿ ಬಂತು. ಮತ್ತೊಮ್ಮೆ ಹಾಗೇ ಆಯಿತು. ಕರೆದು ಕೇಳಿದೆ. "ಕುರಿ ಹಿಂದ ನೆಟ್ಟಗ ಓಡಿದ್ರ ಅವು ಚದುರಿ ಹೋಗ್ತಾವರಿ ಸರ್. ಬಗಲಿಗಿ ಹೋಗಿ ನಿಂದ್ರಬೇಕ್ರಿ. ಅವೇ ಬರ್ತಾವ" ಎಂದಳು. ತರಬೇತಿಯಲ್ಲಿ ಎರಡು ವರ್ಷ ಮಣ್ಣು ಹೊತ್ತು ನಾನು ಕಲಿತದ್ದನ್ನು ಈ ಹುಡುಗಿ ಕುರಿ ಕಾಯುತ್ತ ಕಲಿತಿದ್ದಳು. ಅವತ್ತು ನನಗೆ ಬಹಳ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಒಂದೇ ಒಂದು ತೊಂದರೆ. ಫುಟ್‌ಬಾಲಿನಲ್ಲಿ ಎದುರಿನವರ ಕಾಲಿನಿಂದ ಚೆಂಡು ಕಸಿದುಕೊಳ್ಳಬೇಕಲ್ಲ, ಆಗ ಕಾಲಿಗೆ ಕಾಲು ತಾಗುವುದೇ. ರೇಣುಕಾ ಚೆಂಡು ಕಸಿಯುತ್ತಿದ್ದಳು, ಚೆಂದವಾಗಿಯೇ ಕಸಿಯುತ್ತಿದ್ದಳು. ಕಸಿದ ಮೇಲೆ ಚೆಂಡನ್ನು ಅಲ್ಲೇ ಬಿಟ್ಟು, ಬಗ್ಗಿ, ಎದುರಿನವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬೇರೆ ಯಾರೋ ಚೆಂಡು ಹೊಡೆದುಕೊಂಡು ಹೋಗುತ್ತಿದ್ದರು.

"ಏನದು?" ಎಂದು ಕೂಗಿದೆ.

"ಕಾಲ ಹತ್ತಿತಲ್ರಿ."

"ಆಟದಾಗ ಕಾಲ ಹತ್ತೇ ಹತ್ತತದ. ಹಚ್ಕೋಬ್ಯಾಡ, ಓಡು."

"ಹೂಂರಿ" ಎಂದಳು. ಮುಂದಿನ ಸಲ ಮತ್ತೆ ಬಗ್ಗಿದಳು. ಬೈದೆ. ಮತ್ತೆ ಬಗ್ಗಿದಳು. "ನಮ್ಮ ಆಯಿ ಬೈತಾಳ್ರಿ ಸರ್. ಕುರಿಮರಿಗಿ ಕಾಲ ಹತ್ತಿದ್ರೂ ಹಚ್ಕೋಬೇಕಂತಾಳ" ಎಂದಳು. ಆಯಿ ಎಂದರೆ ಅವಳ ಅಜ್ಜಿ, ಅಪ್ಪನ ತಾಯಿ. ಇದು ನೋಡನೋಡುತ್ತ ಉಳಿದವರಿಗೂ ಅಂಟಿತು. ಒಂದು ಐತವಾರ ಐದು ಮಕ್ಕಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಐವರೂ ಬಗ್ಗಿ, ಯಾರ ಕಾಲು ಯಾರಿಗೆ ತಾಗಿತೆಂದು ತಿಳಿಯದೆ ಎಲ್ಲರೂ ಎಲ್ಲರನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಚೆಂಡು ಪಾಪ ನಡುವೆ ಅನಾಥವಾಗಿ ನಿಂತಿತ್ತು. ಬಯಲಿನ ಅಂಚಿನ ಬೇವಿನ ಗಿಡದ ಕೆಳಗೆ ನಿಂತಿದ್ದ ತಂದೆತಾಯಿಗಳು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಯಾಕೆಂದರೆ ಅಷ್ಟರಲ್ಲಿ ಭಾಲ್ಕಿಯ ಹುಡುಗಿಯರ ಜೊತೆ ಒಂದು ಪಂದ್ಯ ಗೊತ್ತಾಗಿತ್ತು. ದೊಡ್ಡ ಪಂದ್ಯವೇನಲ್ಲ. ಅಲ್ಲಿಯೂ ನನ್ನಂಥ ಒಬ್ಬ ಹುಚ್ಚ ಮಾಸ್ತರ ಇದ್ದಾನೆ, ಅವನ ಏಳು ಜನ, ನಮ್ಮ ಏಳು ಜನ. ರೇಣುಕಾಗೆ ಭಾಲ್ಕಿ ಎಂದೊಡನೆ ಮುಖ ಅರಳಿತು. ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಬಸ್ಸಿದೆ, ಆಯಿ ಬರುತ್ತಾಳೆ, ತಾನು ಆಡುವುದನ್ನು ನೋಡುತ್ತಾಳೆ. ದೀಪಾವಳಿಯಿಂದ ಅವಳು ಆಯಿಯನ್ನು ನೋಡಿರಲಿಲ್ಲ. ದಿನಕ್ಕೆ ಎರಡು ಸಲ ಮಾವನ ಫೋನಿನಲ್ಲಿ ಇದೇ ಮಾತು ಎಂದು ಅವಳ ಮಾವ ನನಗೆ ಹೇಳಿದ್ದ. ಅದನ್ನು ತಿಳಿದೂ ನಾನು ಅಂದುಬಿಟ್ಟೆ, "ನೋಡು ರೇಣುಕಾ, ಇನ್ನೊಮ್ಮಿ ಬಗ್ಗಿ ಹಚ್ಕೊಂಡಿ ಅಂದ್ರ ನಿನಗ ಭಾಲ್ಕಿಗಿ ಒಯ್ಯಂಗಿಲ್ಲ."

ಅವಳು ನೆಲ ನೋಡುತ್ತ "ಹೂಂರಿ" ಎಂದಳು. ಈ ಸಲದ ಹೂಂ ಬೇರೆ ಇತ್ತು.

ಮುಂದಿನ ಐತವಾರ ನಮ್ಮೊಳಗೇ ಎರಡು ತಂಡ ಮಾಡಿ ಆಡಿಸಿದೆ. ಎದುರಿನ ತಂಡದಲ್ಲಿ ಪ್ರಜ್ಞಾ ಇದ್ದಳು. ರೇಣುಕಾಳದೇ ತರಗತಿ, ಅವಳ ಜೀವದ ಗೆಳತಿ, ಚೆಂಡು ಕಾಲಿಗೆ ಸಿಕ್ಕರೆ ಬಿಡದೆ ಓಡುವವಳು. ಅವಳ ತಂದೆ ಗೌತಮ ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದಾರೆ. ಬೌದ್ಧ ಕುಟುಂಬ, ಓದಿದವರು, ಮಾತು ಕಡಿಮೆ. ಪ್ರತಿ ಐತವಾರ ಬೇವಿನ ಗಿಡದ ಕೆಳಗೆ ಪೇಪರು ಹಿಡಿದು ನಿಲ್ಲುತ್ತಿದ್ದರು. ಆ ಪೇಪರು ಬಿಚ್ಚಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಪ್ರಜ್ಞಾ ಚೆಂಡು ತಂದಳು. ರೇಣುಕಾ ಬದಿಯಿಂದ ಬಂದು, ನಾನು ಕಲಿಸಿದ ಹಾಗೇ ಕಾಲು ಹಾಕಿದಳು. ಚೆಂಡು ಬಿಡಿಸಿಕೊಂಡಳು. ಪ್ರಜ್ಞಾ ಬಿದ್ದಳು, "ಅವ್ವಾ" ಎಂದು ಕಾಲು ಹಿಡಿದುಕೊಂಡಳು. ರೇಣುಕಾ ಒಂದು ಗಳಿಗೆ ನಿಂತಳು, ಆಮೇಲೆ ಓಡಿದಳು, ಹೊಡೆದಳು, ಗೋಲು. ನಾನು ಕುಣಿದೆ. ಸುಳ್ಳೇಕೆ ಹೇಳಲಿ, ಹೊಟ್ಟೆ ಕುಲುಕಿಸಿಕೊಂಡು ಅಕ್ಷರಶಃ ಕುಣಿದೆ.

ರೇಣುಕಾ ಕುಣಿಯಲಿಲ್ಲ. ಗೋಲಿನ ಇಟ್ಟಂಗಿಯ ಹತ್ತಿರ ನಿಂತು ಬಿದ್ದ ಗೆಳತಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು.

"ಸರ್, ಈಗ ಹೋಗ್ಲೇನ್ರಿ?" ಎಂದು ಕೇಳಿದಳು.

ಆ ಹೊತ್ತಿಗೆ ನಾನು ಹೇಳಬಹುದಾಗಿದ್ದ ಮಾತುಗಳು ಎಷ್ಟೊಂದು ಇದ್ದವು. ನಾನು ಹೇಳಿದ್ದು, "ಪ್ರಜ್ಞಾಗ ನಾ ನೋಡ್ಕೋತೀನಿ. ನೀ ನಿನ್ನ ಜಾಗಾಕ್ ಹೋಗು." ಅವಳು ಹೋದಳು.

ಗೌತಮ ಬಂದು ಮಗಳ ಕಾಲು ಒತ್ತಿ ನೋಡಿ, ಕರವಸ್ತ್ರ ಕಟ್ಟಿ, ಅವಳನ್ನು ಗಿಡದ ಕೆಳಗೆ ಕೂಡಿಸಿದರು. ಆಟ ಮುಗಿದು ಮಕ್ಕಳು ಚೆಂಡು ಚೀಲಕ್ಕೆ ತುಂಬುತ್ತಿದ್ದಾಗ ನನ್ನ ಹತ್ತಿರ ಬಂದರು. "ಸರ್, ಒಂದು ಮಾತು ಹೇಳ್ಲೇನ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು.

"ಆಟದಾಗ ಪೆಟ್ಟು ಬೀಳೋದು ಇದ್ದದ್ದೇರಿ" ಎಂದೆ. ನನ್ನ ಸಿಟ್ಟು ಮೊದಲೇ ಎದ್ದು ನಿಂತಿತ್ತು.

"ಪೆಟ್ಟಿನ ಮಾತಲ್ರಿ. ಎಲುಬಿಗಿ ಏನೂ ಆಗಿಲ್ಲ, ಉಳುಕ್ಯಾದ ಅಷ್ಟೇ. ಆ ರೇಣುಕಾ ಹುಡುಗಿ ಕಣ್ಣಿಗಿ ಹಚ್ಕೊಳ್ಳೋದು ಬಿಡಸ್ಲತ್ತೀರಲ್ರಿ, ಅದರ ಮಾತು."

ಇವರೂ ಸಂಸ್ಕಾರದ ಭಾಷಣ ಮಾಡುತ್ತಾರೆ ಎಂದುಕೊಂಡು ನಾನು ಗಡಿಯಾರ ನೋಡಿದೆ.

"ನಮ್ಮ ಮುತ್ಯಾಗ ಊರಾಗ ಭಾಳ ಮಂದಿ ಒದ್ದಾರ್ರಿ" ಎಂದರು ಗೌತಮ, ತಮ್ಮ ಅಜ್ಜನ ಮಾತನ್ನು ಹವಾಮಾನದ ಮಾತಿನಷ್ಟು ಸಮಾಧಾನದಿಂದ. "ಒದ್ದವರು ಮನಿಗಿ ಹೋಗಿ ತಮ್ಮ ಕಾಲ ತೊಳ್ಕೊಂಡಾರ. ಮುಟ್ಟಿ ಕಣ್ಣಿಗಿ ಹಚ್ಕೊಂಡವರು ಒಬ್ಬರೂ ಇಲ್ಲ. ಈ ಹುಡುಗಿ ನನ್ನ ಮಗಳಿಗಿ ಕಾಲ ಹತ್ತಿದಾಗೊಮ್ಮಿ ಹಚ್ಕೋತಾಳ. ಯಾಕ ಅಂತ ಆಕಿಗೂ ಗೊತ್ತಿಲ್ಲ, ನನ್ನ ಮಗಳಿಗೂ ಗೊತ್ತಿಲ್ಲ. ಆಡ್ತಾರ ಅಷ್ಟೇ. ನನಗ ಗೊತ್ತದ. ಅದು ನೋಡ್ಲಿಕ್ಕೇ ನಾ ಐತವಾರ ಬರ್ತೇನಿರಿ."

ನನ್ನ ಉತ್ತರಕ್ಕೆ ಕಾಯದೆ ಅವರು ಮಗಳನ್ನು ಸ್ಕೂಟರಿನ ಮೇಲೆ ಕೂಡಿಸಿಕೊಂಡು ಹೋದರು.

ಮನೆಗೆ ಬಂದು ನೇರ ಅಡುಗೆಮನೆಗೆ ಹೋಗಿ ನೀರು ಕುಡಿದೆ. ನಮ್ಮಾಕಿ, ನನ್ನ ಹೆಂಡತಿ, ಕೆಳಗೆ ಕೂತು ಕಾಯಿಪಲ್ಯ ಹೆಚ್ಚುತ್ತಿದ್ದಳು. "ನನ್ನ ಕಾಲ ತುಳದ್ರಿ" ಎಂದಳು. "ಯಾವಾಗ?" ಎಂದೆ. "ಈಗ, ನೀರಿಗಿ ಹೋಗುವಾಗ. ಮೂವತ್ತು ವರ್ಷ ಆತು ತುಳೀಲಿಕ್ಕತ್ತಿ. ಹಿಂಗ ಹೋಗ್ತೀರಿ, ಹಂಗ ಬರ್ತೀರಿ" ಎಂದಳು. ಬೈಗುಳವಲ್ಲ, ಬದನೆಕಾಯಿ ಹೆಚ್ಚುತ್ತ ಸುಮ್ಮನೆ ಹೇಳಿದ ಮಾತು. ನಾನು ಲೋಟ ಹಿಡಿದುಕೊಂಡು ಅಲ್ಲೇ ಕೂತೆ. ಆಗ ನನಗೆ ತುಕ್ಯಾ ನೆನಪಾದ.

ಇದೇ ನೋಡಿ ನಾನು ಆಮೇಲೆ ಹೇಳುತ್ತೇನೆಂದ ಮಾತು. ತುಕಾರಾಮ ಅವನ ಹೆಸರು, ನಾವೆಲ್ಲ ತುಕ್ಯಾ ಎನ್ನುತ್ತಿದ್ದೆವು. ಊರ ಹೊರಗಿನ ಓಣಿಯವನು, ನನ್ನದೇ ವಯಸ್ಸು. ಅವನ ಅಪ್ಪ ಅವ್ವ ನಮ್ಮ ಹೊಲಕ್ಕೆ ತೊಗರಿ ಕೊಯ್ಯಲು ಬರುತ್ತಿದ್ದರು. ದೊಡ್ಡವರು ಕೊಯ್ಲಿನಲ್ಲಿದ್ದಾಗ ನಾವಿಬ್ಬರೂ ಒಟ್ಟಿದ ತೊಗರಿ ಕಟ್ಟಿಗೆಯ ಬಣವೆ ಹತ್ತಿ ಜಿಗಿಯುತ್ತಿದ್ದೆವು. ಒಂದು ಸಲ ನಾನು ಜಿಗಿದಾಗ ನನ್ನ ಕಾಲು ಅವನ ಭುಜಕ್ಕೆ ಬಡಿಯಿತು. ರೂಢಿಯಂತೆ ನನ್ನ ಕೈ ಹೊರಟಿತು. "ಏ, ಬ್ಯಾಡ" ಎಂಬ ಕೂಗು ಕೇಳಿತು. ಅವ್ವ. ಕಸಬರಿಗೆಗೆ ಕಾಲು ತಾಗಿದರೂ ಬೆನ್ನಿನಿಂದಲೇ ನೋಡುತ್ತಿದ್ದ ಅದೇ ಅವ್ವ. "ಅವನಿಗಿ ಮುಟ್ಟಬ್ಯಾಡ. ಇಲ್ಲಿ ಬಾ, ಕಾಲ ತೊಳ್ಕೋ." ನನ್ನ ಕೈ ಅರ್ಧದಲ್ಲಿ ನಿಂತಿತು. ತುಕ್ಯಾ ನನ್ನ ಮುಖ ನೋಡುತ್ತಿರಲಿಲ್ಲ, ಆ ಕೈಯನ್ನೇ ನೋಡುತ್ತಿದ್ದ. ನಾನು ಕೈ ಹಿಂದೆ ತೆಗೆದುಕೊಂಡೆ. ಅವ್ವ ತಂಬಿಗೆಯಿಂದ ನನ್ನ ಕಾಲಿಗೆ ನೀರು ಹಾಕಿದಳು. ಮುಂದಿನ ವರ್ಷ ಕೊಯ್ಲಿಗೆ ಅವನ ಅಪ್ಪ ಅವ್ವ ಬಂದರು, ತುಕ್ಯಾ ಬರಲಿಲ್ಲ.

ನನ್ನ ಅವ್ವ ಕೆಟ್ಟವಳಲ್ಲ. ಹೀಗೆ ಹೇಳುವಾಗಲೇ ನನಗೆ ನಾಚಿಕೆಯಾಗುತ್ತದೆ, ಯಾಕೆಂದರೆ ತುಕ್ಯಾನ ಮುಂದೆ ನಿಂತು ಈ ಮಾತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅಂದಿನಿಂದ ನನ್ನ ಕೈ ಮುಟ್ಟುವ ಮೊದಲು ಯಾರಿಗೆ ಎಂದು ಕೇಳತೊಡಗಿತು. ಹಾಗೆ ಕೇಳಿ ಕೇಳಿ, ಕೊನೆಗೆ ಯಾರಿಗೂ ಬೇಡ ಎಂದು ಸುಮ್ಮನೆ ಕೂತಿತು. ತರಬೇತಿಯಲ್ಲಿ ಬಿಟ್ಟಿತು ಎಂದು ನಾನು ಹೇಳುತ್ತಿದ್ದದ್ದು ಮರ್ಯಾದೆ ಉಳಿಸಿಕೊಳ್ಳಲು. ಈ ರೇಣುಕಾ ಕೇಳದೆ ಮುಟ್ಟುತ್ತಿದ್ದಳು. ಅವಳಿಗೆ ಕೇಳುವುದನ್ನು ಕಲಿಸಿದ್ದು ನಾನು.

ಮುಂದಿನ ಐತವಾರ ರೇಣುಕಾ ಬಂದಳು, ಆದರೆ ಆಡಲಿಲ್ಲ. ಆಡಿದಳು ಎನ್ನಿ. ಯಾರಾದರೂ ಹತ್ತಿರ ಬಂದರೆ ಚೆಂಡು ಬಿಟ್ಟು ಹಿಂದೆ ಸರಿಯುತ್ತಿದ್ದಳು. ಬದಿಗೆ ಬಳಸಿಕೊಂಡು ಹೋಗುವ ಆ ಜಾಣತನವನ್ನೆಲ್ಲ ಮನುಷ್ಯರಿಂದ ತಪ್ಪಿಸಿಕೊಳ್ಳಲು ಖರ್ಚು ಮಾಡುತ್ತಿದ್ದಳು. ಕರೆದು ಕೂಡಿಸಿಕೊಂಡೆ.

"ಯಾಕ ಹಿಂದ ಸರೀತಿ?"

"ಯಾರಿಗೂ ಕಾಲ ಹತ್ತಬಾರ್ದಂತ್ರಿ. ಹತ್ತಿದ್ರ ಹಚ್ಕೋಬೇಕಾಗ್ತದ. ಹಚ್ಕೊಂಡ್ರ ಭಾಲ್ಕಿಗಿ ಒಯ್ಯಂಗಿಲ್ಲ ಅಂದೀರಿ. ಆಯಿ ಬರ್ತಾಳ್ರಿ ಸರ್."

"ನಾ ಗಲತ್ ಹೇಳಿದ್ದೆ" ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ತಪ್ಪು ನನ್ನದು ಎಂಬ ಈ ಮಾತನ್ನು ನಾನು ಒಂದು ಮಗುವಿಗೂ ಹೇಳಿರಲಿಲ್ಲ. "ನೀ ಹಚ್ಕೋ. ಭಾಲ್ಕಿಗೂ ಬಾ."

"ಮತ್ತ ಚೆಂಡು ಹೋದ್ರ?"

"ಹೋಗ್ಲಿ."

"ಗೋಲ ಆದ್ರ?"

"ಆಗ್ಲಿ."

ಅವಳು ನನ್ನನ್ನು ಬಹಳ ಸಂಶಯದಿಂದ ನೋಡಿದಳು. "ನನಗ ಕೇಳಬ್ಯಾಡ, ನೋಡಲೂ ಬ್ಯಾಡ. ನಿನಗ ತಿಳಿದಂಗ ಮಾಡು" ಎಂದೆ. ಆಮೇಲೆ ಮಕ್ಕಳು ತಾವೇ ಒಂದು ಹಾದಿ ಮಾಡಿಕೊಂಡರು. ಓಡುತ್ತಲೇ ಎದುರಿನವರ ತೋಳು ತಟ್ಟಿ, ಓಡುತ್ತಲೇ ಕಣ್ಣಿಗೊತ್ತಿಕೊಳ್ಳುವುದು. ಕೈ ಅದರ ಕೆಲಸ ಮಾಡುತ್ತಿತ್ತು, ಕಾಲು ಅದರ ಕೆಲಸ ಮಾಡುತ್ತಿತ್ತು. ಯಾರಾದರೂ ಬಿದ್ದರೆ ಮಾತ್ರ ನಿಲ್ಲುತ್ತಿದ್ದರು. ನಾನು ಕಲಿಸಿದ್ದಲ್ಲ. ಮೂರು ವಾರದಲ್ಲಿ ಪ್ರಜ್ಞಾಳ ಕಾಲೂ ನೆಟ್ಟಗಾಯಿತು.

ಭಾಲ್ಕಿಯ ಪಂದ್ಯದ ದಿನ ಆಯಿ ನಮಗಿಂತ ಮೊದಲೇ ಬಂದು ಬಯಲಿನ ಅಂಚಿನಲ್ಲಿ ಕೂತಿದ್ದಳು. ಹಸಿರು ಇಳಕಲ್ ಸೀರೆ, ಮಡಿಲಲ್ಲಿ ರೊಟ್ಟಿಯ ಗಂಟು. ಮೊಮ್ಮಗಳ ಚಡ್ಡಿ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗೌತಮ ಇನ್ನೊಂದು ಬದಿಯಲ್ಲಿ ನಿಂತಿದ್ದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಭಾಲ್ಕಿಯ ಮಾಸ್ತರ ನನ್ನ ಹತ್ತಿರ ಬಂದು ಪಿಸುಗುಟ್ಟಿದ, "ಸರ್, ನಿಮ್ಮ ಹುಡುಗ್ಯಾರು ನಮ್ಮವರಿಗಿ ಚಿವುಟ್ಲತ್ತಾರೇನ್ರಿ?" ಎಂದು. "ಇಲ್ರಿ, ಹಚ್ಕೋಲತ್ತಾರ" ಎಂದೆ. ಅವನು ಅರ್ಧ ಆಟ ಅದನ್ನೇ ಪರೀಕ್ಷಿಸುತ್ತ ನಿಂತ.

ಅವರು ಎರಡು ಗೋಲು ಹೊಡೆದರು, ನಾವು ಒಂದು. ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ರೇಣುಕಾ ಬದಿಯಿಂದ ಬಂದು ಅವರ ಎತ್ತರದ ಹುಡುಗಿಯೊಬ್ಬಳಿಂದ ಚೆಂಡು ಬಿಡಿಸಿಕೊಂಡಳು. ಆ ಹುಡುಗಿ ಮುಗ್ಗರಿಸಿ ಬಿದ್ದಳು. ಸೀಟಿ ಆಗಲಿಲ್ಲ, ತಪ್ಪೂ ಇರಲಿಲ್ಲ. ಮುಂದೆ ಗೋಲು ಖಾಲಿ, ಅವರ ಗೋಲಿ ಎಲ್ಲೋ ಇದ್ದಳು. ನಾಲ್ಕು ಹೆಜ್ಜೆ ಓಡಿದರೆ ಸರಿಸಮ. ರೇಣುಕಾ ನಿಂತಳು. ನನ್ನ ಕಡೆ ನೋಡಲಿಲ್ಲ. ತಿರುಗಿ ಹೋಗಿ, ಬಿದ್ದವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಕೈ ಕೊಟ್ಟು ಎಬ್ಬಿಸಿದಳು. ಚೆಂಡು ನಿಧಾನಕ್ಕೆ ಉರುಳಿ ಹೊರಗೆ ಹೋಯಿತು.

ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ನುಂಗಿಕೊಂಡೆ. ಸುಲಭವಾಗಿ ಇಳಿಯಲಿಲ್ಲ, ಮನುಷ್ಯ ಒಂದೇ ತಿಂಗಳಲ್ಲಿ ಬದಲಾಗುವುದಿಲ್ಲ. ಆಟ ಮುಗಿದ ಮೇಲೆ ಆಯಿ ಕೇಳಿದಳು, "ನಮ್ಮ ಹುಡುಗಿ ಗೆದ್ದಳೇನ್ರಿ ಮಾಸ್ತರ?" "ಇಲ್ಲ ಆಯಿ, ಸೋತ್ಳು" ಎಂದೆ. "ಮತ್ತ ನಗಲತ್ತಾಳಲ್ಲ?" ಎಂದು ಆಯಿ ಅನುಮಾನದಿಂದ ನನ್ನನ್ನೇ ನೋಡಿದಳು. ಪ್ರಜ್ಞಾ ಮತ್ತು ರೇಣುಕಾ ಆಗಲೇ ರೊಟ್ಟಿಯ ಗಂಟು ಬಿಚ್ಚಿದ್ದರು.

ವಾಪಸು ಬರುವ ಬಸ್ಸು ಕಿಕ್ಕಿರಿದಿತ್ತು. ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡು ನಾನು ನಡುವೆ ನಿಂತಿದ್ದೆ. ನನ್ನ ಮುಂದೆ ಪ್ರಜ್ಞಾ, ಅವಳ ಬಗಲಲ್ಲಿ ಕಂಬಿ ಹಿಡಿದು ಗೌತಮ, ಪಕ್ಕದ ಸೀಟಿನಲ್ಲಿ ಕಿಟಕಿಯ ಹತ್ತಿರ ರೇಣುಕಾ. ಊರು ದಾಟುವಾಗ ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದ. ನನ್ನ ಬೂಟು ಪ್ರಜ್ಞಾಳ ಕಾಲಿನ ಮೇಲೆ ಬಿತ್ತು. ಉಳುಕಿದ್ದ ಅದೇ ಕಾಲು. ಅವಳು "ಸ್‌ಸ್" ಎಂದಳು. ರೇಣುಕಾ ತಿರುಗಿ ನೋಡಿದಳು, ಅವಳ ಹಿಂದಿನ ಸೀಟಿನ ಮಕ್ಕಳೂ ನೋಡಿದರು. ಮುಖವನ್ನಲ್ಲ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಬಗ್ಗಲು ಅಲ್ಲಿ ಜಾಗವಿರಲಿಲ್ಲ. ನನ್ನ ಹೊಟ್ಟೆಗೂ ಜಾಗ ಬೇಕು, ಚೀಲಕ್ಕೂ ಬೇಕು. ಬಗ್ಗಿದೆ. ಯಾರದೋ ಬುಟ್ಟಿ ಮೊಣಕೈಗೆ ಚುಚ್ಚಿತು, ಮೊಣಕಾಲು ಲಟಕ್ಕೆಂದಿತು. ಗೌತಮ "ಇರ್ಲಿರಿ ಸರ್, ಇರ್ಲಿ" ಎಂದು ನನ್ನ ತೋಳು ಹಿಡಿದರು. ಹಿಡಿದುಕೊಂಡರೇ ಹೊರತು, ನನ್ನ ಕೈ ಹುಡುಗಿಯ ಕೆಂಪು ಮಣ್ಣಿನ ಬೂಟು ಮುಟ್ಟಿ ಕಣ್ಣಿಗೆ ಹೋಗುವ ತನಕ ಎತ್ತಲಿಲ್ಲ. ಆಮೇಲೆ ಎತ್ತಿದರು.

"ನಿಮ್ಮ ಬೂಟ ಕಲ್ಲಿನಂಗ ವಜ್ಜಿ ಅದರಿ ಸರ್" ಎಂದಳು ಪ್ರಜ್ಞಾ. ಮಕ್ಕಳು ನಕ್ಕರು. ರೇಣುಕಾ ಮತ್ತೆ ಕಿಟಕಿಯ ಆಚೆ ನೋಡತೊಡಗಿದಳು, ಆಗಬೇಕಾದ್ದು ಆಯಿತು ಎಂಬಂತೆ.

ಅಂದಿನಿಂದ ಈ ರೂಢಿ ಮರಳಿ ಬಂದಿದೆ. ನಮ್ಮಾಕಿಯ ಕಾಲು ತುಳಿದಾಗಲೂ ಮುಟ್ಟುತ್ತೇನೆ, ಅವಳು "ಸಾಕು ಬಿಡ್ರಿ ನಾಟಕ" ಎನ್ನುತ್ತಾಳೆ. ಬಸ್ಸಿನ ಹುಡುಗರು ಏನೋ ಬಿದ್ದಿದೆ ಎಂದು ಹುಡುಕುತ್ತಾರೆ. ಠಾಣಾ ಕುಶನೂರಿನ ಹೊಲದಲ್ಲಿ ಅರ್ಧಕ್ಕೆ ನಿಂತ ಕೈ ಭಾಲ್ಕಿಯ ಬಸ್ಸಿನಲ್ಲಿ ಕಣ್ಣಿಗೆ ಮುಟ್ಟಿತು. ತುಕ್ಯಾನಿಗೆ ಅದು ಮುಟ್ಟಲಿಲ್ಲ. ಅದು ನನಗೆ ಗೊತ್ತಿದೆ.